ಕರೆಂಟ್ ಹೋದಾಗ ಲೆಕ್ಕ ಅಳಿಸಿದ್ದು ಯಾರು, ಕರ್ನಲ್ಲೇ?

ಪ್ರಶ್ನೆ: ಸರ್, ನಾನು ಬನಹಟ್ಟಿಯವನು. ಸುಮಾರು 35 ಮಗ್ಗದ ಮಾಲೀಕರಿಗೆ ನೂಲು, ಬೀಮು, ಮಜೂರಿ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಸರ್ವರ್ ಅಂದರೆ ಮನೆಯಲ್ಲಿರುವ 16 ಜಿಬಿ ಡೆಸ್ಕ್‌ಟಾಪ್, ಅಷ್ಟೇ. ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಲಿನಕ್ಸ್‌ನಲ್ಲಿ ಪರ್ಸಿಸ್ಟೆಂಟ್ ಮೆಮೊರಿ ಎಂಬುದಿದೆ, ಕರೆಂಟ್ ಹೋದರೂ ಡೇಟಾ ಉಳಿಯುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಅದರಲ್ಲಿ ಹೇಳಿದಂತೆ, ಲಿನಕ್ಸನ್ನು ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಮಿನಲ್ಲಿ 'ಮೆಮ್‌ಮ್ಯಾಪ್=4ಜಿ!12ಜಿ' ಎಂದು ಸೇರಿಸಿದೆ. 'ಪಿಮೆಮ್0' ಎಂಬ ಹೊಸ ಡಿಸ್ಕ್ ಬಂತು. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿ, ಡ್ಯಾಕ್ಸ್ (ನಡುವೆ ನಕಲು ಇಡದೆ ನೇರವಾಗಿ ಓದುವ, ಬರೆಯುವ ರೀತಿ) ಹಾಕಿ ಮೌಂಟ್ ಮಾಡಿ, ಡೇಟಾಬೇಸನ್ನು ಅಲ್ಲಿಗೇ ಸಾಗಿಸಿದೆ. ಬಹಳ ಫಾಸ್ಟ್ ಆಯಿತು. ಐದಾರು ಸಲ ರೀಬೂಟ್ ಮಾಡಿದೆ, ಡೇಟಾ ಹಾಗೇ ಇತ್ತು. ಒಂದು ಸಂಜೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಖಾಲಿಯಾಯಿತು. ಮತ್ತೆ ಆನ್ ಮಾಡಿದಾಗ ಪಿಮೆಮ್0 ಇತ್ತು, ಒಳಗೆ ಫೈಲ್ ಸಿಸ್ಟಮ್ಮೇ ಇರಲಿಲ್ಲ. 11 ದಿನದ ಲೆಕ್ಕ ಹೋಯಿತು. ಬೂಟ್ ಆಗುವಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಅಳಿಸಿತೇ? ವಾಪಸ್ ತೆಗೆಯಬಹುದೇ?

ಇನ್ನೊಂದು. ಬೆಳಗಾವಿಯಲ್ಲಿ ಹಳೆ ಸರ್ವರ್ ಮಾರುವವರೊಬ್ಬರು 16 ಜಿಬಿಯ 6 ರ‍್ಯಾಮ್, 128 ಜಿಬಿಯ 2 ಆಪ್ಟೇನ್ ಮೆಮೊರಿ (ಇಂಟೆಲ್‌ನ ಪರ್ಸಿಸ್ಟೆಂಟ್ ಮೆಮೊರಿ) ಇರುವ ಮೆಷಿನ್ ತೋರಿಸಿದರು. ಲಿನಕ್ಸ್‌ನಲ್ಲಿ ಮೆಮೊರಿ ಎಷ್ಟಿದೆ ಎಂದು ಹೇಳುವ 'ಫ್ರೀ' ಕಮಾಂಡ್ ಹಾಕಿದರೆ 94 ಜಿಬಿ ಅಷ್ಟೇ ಕಾಣುತ್ತದೆ. 'ಕರ್ನಲ್ ಹಳೆಯದು, ಹೊಸದು ಹಾಕಿದರೆ ಬರುತ್ತದೆ' ಅನ್ನುತ್ತಾರೆ. ಇದು ನಿಜವೇ? ಇದನ್ನು ಕೊಂಡರೆ ಯುಪಿಎಸ್, ಬ್ಯಾಕಪ್ ಎರಡೂ ಬೇಡ ಎಂದು ಗೆಳೆಯ ಹೇಳುತ್ತಾನೆ. ಕೊಳ್ಳಲೇ?

ಉತ್ತರ: ನೀವು ಕೇಳಿದ ಪ್ರಶ್ನೆಗಳು ನಾಲ್ಕಾದರೂ ಕಾಡುತ್ತಿರುವುದು ಒಂದೇ ಅನುಮಾನ. ಮೆಷಿನ್ ಏಳುವ ಆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಯಾರೋ ಒಳಗೆ ಕೈ ಹಾಕಿ ಡೇಟಾ ಗುಡಿಸುತ್ತಿದ್ದಾರೆ ಎಂಬುದು. ಯಾರೂ ಗುಡಿಸಿಲ್ಲ. ನಿಮ್ಮ 11 ದಿನದ ಲೆಕ್ಕ ಕರ್ನಲ್ ಕಣ್ಣು ಬಿಡುವ ಮೊದಲೇ ಹೋಗಿತ್ತು. ನಿಜ ಹೇಳಬೇಕೆಂದರೆ ಆ 4 ಜಿಬಿಯನ್ನು ಮುಟ್ಟದೆ ಬಿಟ್ಟಿದ್ದು ಕರ್ನಲ್ ಒಂದೇ.

ಇದು ಅರ್ಥವಾಗಬೇಕಾದರೆ ಕರ್ನಲ್‌ಗೆ ಮೆಮೊರಿಯ ಲೆಕ್ಕ ಎಲ್ಲಿಂದ ಸಿಗುತ್ತದೆ ಎಂದು ನೋಡಬೇಕು. ಆನ್ ಮಾಡಿದ ಕ್ಷಣದಲ್ಲಿ ಅದಕ್ಕೆ ತನ್ನ ಹತ್ತಿರ ಎಷ್ಟು ರ‍್ಯಾಮ್ ಇದೆ, ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಇದೆ ಎಂಬುದೇ ಗೊತ್ತಿರುವುದಿಲ್ಲ. ಅಳೆದು ನೋಡುವ ಗೋಜಿಗೂ ಅದು ಹೋಗುವುದಿಲ್ಲ. ಮದರ್‌ಬೋರ್ಡಿನಲ್ಲೇ ಇರುವ ಫರ್ಮ್‌ವೇರ್ ಎಂಬ ಸಾಫ್ಟ್‌ವೇರ್ ಒಂದು ಪಟ್ಟಿ ಕೊಡುತ್ತದೆ, ಕರ್ನಲ್ ಅದನ್ನು ನಂಬುತ್ತದೆ. ಹಳೆಯ ಬಯಾಸ್ ಕಾಲದಲ್ಲಿ ಆ ಪಟ್ಟಿ ಕೇಳಲು ಬಳಸುತ್ತಿದ್ದ ಸಂಖ್ಯೆ ಇ820. ಈಗ ಬಯಾಸ್ ಜಾಗಕ್ಕೆ ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಬಂದು ಪಟ್ಟಿಯ ರೂಪ ಬದಲಾಗಿದೆ. ಆದರೂ ಲಿನಕ್ಸ್ ಅದನ್ನು ಇ820 ರೂಪಕ್ಕೇ ತಿರುಗಿಸಿಕೊಂಡು ಓದುತ್ತದೆ. ಹೆಸರು ಅಂಟಿಕೊಂಡುಬಿಟ್ಟಿದೆ.

ನಮ್ಮ ಕಡೆ ಹೊಲಕ್ಕೆ ಉತಾರ (ಪಹಣಿ) ಇರುತ್ತದಲ್ಲ, ಥೇಟ್ ಹಾಗೆ. ಇಷ್ಟರಿಂದ ಇಷ್ಟು ಜಮೀನು, ಇದು ಸಾಗುವಳಿಯದ್ದು, ಇದು ಖರಾಬು, ಇದು ನೀರಾವರಿಯ ಬಾಗಾಯ್ತು. ಇ820ರಲ್ಲೂ ಪ್ರತಿ ತುಂಡಿಗೆ ಒಂದು ಟೈಪ್ ಬರೆದಿರುತ್ತದೆ. ಟೈಪ್ 1 ಅಂದರೆ ಬೇಕಾದಂತೆ ಬಳಸಬಹುದಾದ ರ‍್ಯಾಮ್. ಟೈಪ್ 2 ಅಂದರೆ ಕೈ ಹಾಕಬೇಡ. 3 ಮತ್ತು 4, ಫರ್ಮ್‌ವೇರ್ ಹಾರ್ಡ್‌ವೇರಿನ ವಿವರ ಕೊಡುವ ಎಸಿಪಿಐ ಎಂಬ ನಿಯಮದ ಕೆಲಸಕ್ಕೆ. ಟೈಪ್ 7 ಅಂದರೆ ಪರ್ಸಿಸ್ಟೆಂಟ್ ಮೆಮೊರಿ. ಈ 7 ಅಧಿಕೃತವಾಗಿ ಸೇರಿದ್ದು 2015ರಲ್ಲಿ, ಎಸಿಪಿಐ 6.0 ಬಂದಾಗ. ಅದಕ್ಕೂ ಮುಂಚೆ ಇಂಥ ಹಾರ್ಡ್‌ವೇರ್ ಮಾಡುತ್ತಿದ್ದವರು ಕಾಯಲಾಗದೆ, ಯಾವ ನಿಯಮದಲ್ಲೂ ಇಲ್ಲದ 12 ಎಂಬ ಅಂಕಿಯನ್ನು ತಾವೇ ಬಳಸಿಕೊಂಡಿದ್ದರು. ಲಿನಕ್ಸ್ ಇಂದಿಗೂ ಅದನ್ನು ಗುರುತಿಸುತ್ತದೆ. ಆ 12 ನಿಮ್ಮ ಕಥೆಯಲ್ಲೂ ಬರುತ್ತದೆ.

ಪಟ್ಟಿ ಕೈಗೆ ಬಂದ ಮೇಲೆ ಕರ್ನಲ್ ಮೆಮ್‌ಬ್ಲಾಕ್ ಎಂಬ ತಾತ್ಕಾಲಿಕ ಲೆಕ್ಕದ ಪುಸ್ತಕ ತೆರೆಯುತ್ತದೆ. ಟೈಪ್ 1 ಇರುವ ತುಂಡುಗಳನ್ನು ಮಾತ್ರ ರ‍್ಯಾಮ್ ಎಂದು ಅದರಲ್ಲಿ ಬರೆದುಕೊಳ್ಳುತ್ತದೆ. ತಾನು ಕೂತ ಜಾಗ, ಬೂಟ್‌ಗೆ ಬೇಕಾದ ಫೈಲ್‌ಗಳ ಗಂಟಾದ ಇನಿಟ್‌ಆರ್‌ಡಿ ಕೂತ ಜಾಗ, ಮೆಮೊರಿ ವಿಳಾಸಗಳ ನಕ್ಷೆಯಾದ ಪೇಜ್ ಟೇಬಲ್‌ಗಳಿಗೆ ಬೇಕಾದ ಜಾಗ ಇವನ್ನೆಲ್ಲ ಬದಿಗಿಟ್ಟು, ಉಳಿದದ್ದನ್ನು ಮೆಮೊರಿ ಹಂಚುವ ಅಲೊಕೇಟರ್‌ಗೆ ಒಪ್ಪಿಸುತ್ತದೆ. ಅಲೊಕೇಟರ್ ಕೈಗೆ ಹೋದ ಪುಟಕ್ಕೆ, ಅಂದರೆ ಮೆಮೊರಿಯ ಚಿಕ್ಕ ತುಂಡಿಗೆ, ಹಳೆಯ ನೆನಪಿನ ಹಂಗಿಲ್ಲ. ಯಾವ ಪ್ರೋಗ್ರಾಮ್ ಕೇಳಿದರೂ ಸೊನ್ನೆ ತುಂಬಿ ಕೊಟ್ಟುಬಿಡುತ್ತದೆ. ಟೈಪ್ 7 ಅಥವಾ 12 ಇರುವ ತುಂಡು ಈ ರಾಶಿಗೆ ಬೀಳುವುದೇ ಇಲ್ಲ. ಬಿದ್ದಿದ್ದರೆ ಡೇಟಾ ಮೊದಲ ನಿಮಿಷದಲ್ಲೇ ಹೋಗುತ್ತಿತ್ತು. ಬೂಟ್ ಆಗುವಾಗ ಪರ್ಸಿಸ್ಟೆಂಟ್ ಮೆಮೊರಿಯ ವಿಷಯದಲ್ಲಿ ಕರ್ನಲ್ ಮಾಡುವ ಮುಖ್ಯ ಕೆಲಸ ಇದೇ, ಅದನ್ನು ರಾಶಿಗೆ ಸುರಿಯದೆ ಇರುವುದು.

ಈಗ ನಿಮ್ಮ ಡೆಸ್ಕ್‌ಟಾಪಿಗೆ ಬರೋಣ. ಬೂಟ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಕಮಾಂಡ್ ಹಾಕಿ ಮೊದಲ ಸಾಲುಗಳನ್ನು ನೋಡಿ. ಒಂದಲ್ಲ, ಎರಡು ಪಟ್ಟಿ ಕಾಣುತ್ತವೆ. ಮೊದಲನೆಯದು 'ಬಯಾಸ್-ಇ820' ಎಂದು ಶುರುವಾಗುತ್ತದೆ. ಅದು ಫರ್ಮ್‌ವೇರ್ ಕೊಟ್ಟಿದ್ದು. ಅದರಲ್ಲಿ ನಿಮ್ಮ 12ನೇ ಜಿಬಿಯಿಂದ 16ನೇ ಜಿಬಿವರೆಗಿನ ಜಾಗ ಎಲ್ಲ ರ‍್ಯಾಮಿನಂತೆ 'ಯೂಸೆಬಲ್' ಎಂದೇ ಇರುತ್ತದೆ. ಕೆಳಗೆ 'ಯೂಸರ್' ಎಂದು ಶುರುವಾಗುವ ಎರಡನೇ ಪಟ್ಟಿ. ಅದರಲ್ಲಿ ಅದೇ ಜಾಗ 'ಪರ್ಸಿಸ್ಟೆಂಟ್, ಟೈಪ್ 12' ಆಗಿದೆ. ತಿದ್ದಿದ್ದು ನೀವೇ. ಮೆಮ್‌ಮ್ಯಾಪ್‌ನಲ್ಲಿ ಆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಆಗುವುದು ಇಷ್ಟೇ, ಉತಾರದ ಒಂದು ಕಾಲಮ್ ಬದಲಾಗುತ್ತದೆ. ಉತಾರದಲ್ಲಿ ಬಾಗಾಯ್ತು ಎಂದು ಬರೆಸಿದ ಮಾತ್ರಕ್ಕೆ ಬಾವಿಗೆ ನೀರು ಬರುವುದಿಲ್ಲ, ಅಲ್ವಾ? ಡಿಆರ್‌ಎಎಂ, ಅಂದರೆ ಮಾಮೂಲಿ ರ‍್ಯಾಮಿನ ಚಿಪ್ಪು, ಡಿಆರ್‌ಎಎಂ ಆಗಿಯೇ ಉಳಿಯಿತು.

ಹಾಗಿದ್ದರೆ ಐದಾರು ರೀಬೂಟ್ ಆದರೂ ಡೇಟಾ ಉಳಿದಿದ್ದು ಹೇಗೆ? ನಿಮ್ಮನ್ನು ಮೋಸಗೊಳಿಸಿದ್ದು ಇದೇ. ತಪ್ಪು ನಿಮ್ಮದೆಂದು ನಾನು ಹೇಳುವುದಿಲ್ಲ, ಆ ವಿಡಿಯೋ ಮಾಡಿದವರು ಹೇಳಬೇಕಿತ್ತು. ಡಿಆರ್‌ಎಎಂನ ಒಂದೊಂದು ಬಿಟ್ ಅಂದರೆ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ನಿಂತ ಚಾರ್ಜ್. ಅದು ಸದಾ ಸೋರುತ್ತಿರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಸಾಲನ್ನೂ ಒಮ್ಮೆ ಓದಿ ಮತ್ತೆ ತುಂಬಬೇಕು. ರೀಬೂಟ್ ಅಂದಾಗ ಪ್ರೊಸೆಸರ್ ರೀಸೆಟ್ ಆಗುತ್ತದೆ, ಆದರೆ ರ‍್ಯಾಮಿಗೆ ಹೋಗುವ ಕರೆಂಟ್ ನಿಲ್ಲುವುದಿಲ್ಲ. ಫರ್ಮ್‌ವೇರ್ ಮೆಮೊರಿ ಪರೀಕ್ಷೆ ಮಾಡಿ ಅಳಿಸದಿದ್ದರೆ ಹಳೆಯ ಬಿಟ್‌ಗಳು ಅಲ್ಲೇ ಕೂತಿರುತ್ತವೆ. ಕರ್ನಲ್ ಮತ್ತೆ ಬಂದು, ಟೈಪ್ 12 ಎಂದು ಓದಿ, ಮುಟ್ಟದೆ ಬಿಟ್ಟು, ಪಿಮೆಮ್0 ಮಾಡುತ್ತದೆ. ನಿಮ್ಮ ಇಎಕ್ಸ್‌ಟಿ4 ಇದ್ದಲ್ಲೇ ಸಿಗುತ್ತದೆ. ಕರೆಂಟ್ ಪೂರ್ತಿ ಹೋದಾಗ ಕಥೆ ಬೇರೆ. ಚಾರ್ಜ್ ಸೋರಿಹೋಗುತ್ತದೆ. ಕರೆಂಟ್ ತೆಗೆದ ಮೇಲೂ ಡಿಆರ್‌ಎಎಂನಲ್ಲಿ ಕೆಲವು ಸೆಕೆಂಡು ಡೇಟಾ ಉಳಿಯುತ್ತದೆ, ಚಿಪ್ಪನ್ನು ತಣ್ಣಗೆ ಮಾಡಿದರೆ ಇನ್ನೂ ಹೊತ್ತು ಉಳಿಯುತ್ತದೆ ಎಂದು ಪ್ರಿನ್ಸ್‌ಟನ್‌ನ ಸಂಶೋಧಕರು 2008ರಲ್ಲೇ ತೋರಿಸಿದ್ದರು. ಅವರದು ಕಳ್ಳತನದ ಅಪಾಯ ತೋರಿಸುವ ಪ್ರಯೋಗ. ಬನಹಟ್ಟಿಯ ಸೆಕೆಯಲ್ಲಿ, ಯುಪಿಎಸ್ ಸತ್ತು ಬಿದ್ದ ಮೇಲೆ, ಅದರಿಂದ ನಿಮಗೇನೂ ಉಪಯೋಗವಿಲ್ಲ.

ಒಂದು ಸಲ ರೀಬೂಟ್ ಬದಲು ಪ್ಲಗ್ ಕಿತ್ತು, ಎರಡು ನಿಮಿಷ ಬಿಟ್ಟು ಆನ್ ಮಾಡಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಇಂಥದ್ದನ್ನು ಪರೀಕ್ಷಿಸುವಾಗ ನಾನು ಮೊದಲು ಮಾಡುವುದೇ ಅದು. ಸುಮ್ನೆ ಕೀಳುತ್ತೇನೆ.

ಇನ್ನೊಂದು ಅಪಾಯದಿಂದಲೂ ನೀವು ಪಾರಾಗಿದ್ದಿರಿ. ಆ 4 ಜಿಬಿ ಮುಟ್ಟಬಾರದು ಎಂದು ನೀವು ಹೇಳಿದ್ದು ಕರ್ನಲ್‌ಗೆ ಮಾತ್ರ. ಫರ್ಮ್‌ವೇರ್‌ಗಾಗಲಿ ಗ್ರಬ್‌ಗಾಗಲಿ ಅದು ಗೊತ್ತಿಲ್ಲ. ಅವು ತಮ್ಮ ಕೆಲಸಕ್ಕೆ ಆ ಜಾಗ ಬಳಸಿದರೆ ಕೇಳುವವರಿಲ್ಲ. ಕರ್ನಲ್ ಕೂಡ ಭದ್ರತೆಗಾಗಿ ಪ್ರತಿ ಬೂಟ್‌ನಲ್ಲೂ ತಾನು ಕೂರುವ ಜಾಗವನ್ನು ಬದಲಿಸುತ್ತದೆ. ಕೆಎಎಸ್‌ಎಲ್‌ಆರ್ ಎನ್ನುತ್ತಾರೆ. ಹಳೆಯ ಕರ್ನಲ್‌ಗಳು ಹಾಗೆ ಜಾಗ ಹುಡುಕುವಾಗ ಮೆಮ್‌ಮ್ಯಾಪ್ ಸಾಲನ್ನು ನೋಡುತ್ತಿರಲಿಲ್ಲ. ನಿಮ್ಮ ಡೇಟಾದ ಮೇಲೇ ಬಂದು ಕೂರುವ ಸಾಧ್ಯತೆ ಇತ್ತು! ಆಮೇಲೆ ಇದನ್ನು ಸರಿಪಡಿಸಿದ್ದಾರೆ, ಈಗ ಅದು ಇಂಥ ನಾಲ್ಕು ತುಂಡುಗಳವರೆಗೆ ನೆನಪಿಟ್ಟುಕೊಂಡು ತಪ್ಪಿಸಿ ಕೂರುತ್ತದೆ.

ಆದರೆ ನೀವು ಗಮನಿಸಿದ ಸಂಗತಿ, ರೀಬೂಟ್‌ನಲ್ಲಿ ರ‍್ಯಾಮ್ ಉಳಿಯುತ್ತದೆ ಎಂಬುದು, ಕರ್ನಲ್ ಬರೆಯುವವರಿಗೂ ಗೊತ್ತು. ಅವರು ಅದನ್ನು ಬಳಸಿಕೊಂಡೂ ಇದ್ದಾರೆ. ರ‍್ಯಾಮ್‌ಊಪ್ಸ್ ಎಂಬುದೊಂದಿದೆ. ರ‍್ಯಾಮಿನ ಒಂದು ಚಿಕ್ಕ ತುಂಡನ್ನು ಹೀಗೇ ಬದಿಗಿಟ್ಟು, ಕರ್ನಲ್ ಪ್ಯಾನಿಕ್ ಆದಾಗ, ಅಂದರೆ ಮುಂದೆ ಹೋಗಲಾರದೆ ನಿಂತಾಗ, ಕೊನೆಯ ಸಂದೇಶಗಳನ್ನು ಅದರಲ್ಲಿ ಬರೆದುಬಿಡುತ್ತದೆ. ಮರುಬೂಟ್ ಆದ ಮೇಲೆ ಪಿಸ್ಟೋರ್ ಎಂಬ ಡೈರೆಕ್ಟರಿಯಲ್ಲಿ ಅವು ಫೈಲ್‌ಗಳಾಗಿ ಕಾಣುತ್ತವೆ. ಬಿಟ್ ಒಂದೆರಡು ಕೆಟ್ಟರೂ ಓದಲು ಬರಲಿ ಎಂದು ತಪ್ಪು ತಿದ್ದುವ ಕೋಡ್ ಹಾಕುವ ಸೌಲಭ್ಯವೂ ಇದೆ. ಸಿಕ್ಕರೆ ಲಾಭ, ಸಿಗದಿದ್ದರೆ ನಷ್ಟವಿಲ್ಲ ಎಂಬಂಥ ಡೇಟಾಕ್ಕೆ ಈ ಜಾಗ ಸರಿ. ಮಜೂರಿ ಲೆಕ್ಕ ಅಂಥದ್ದಲ್ಲ.

ನಿಜವಾದ ಪರ್ಸಿಸ್ಟೆಂಟ್ ಮೆಮೊರಿ ಬೇರೆ ಜಾತಿ. ಅದರಲ್ಲಿ ಎರಡು ಬಗೆ ನನ್ನ ಕೈಗೆ ಬಂದಿವೆ. ಒಂದು ಎನ್‌ವಿಡಿಮ್-ಎನ್. ಇದರಲ್ಲಿ ಮಾಮೂಲಿ ಡಿಆರ್‌ಎಎಂ ಇರುತ್ತದೆ, ಪಕ್ಕದಲ್ಲೇ ಅಷ್ಟು ಹಿಡಿಸುವ ಫ್ಲ್ಯಾಶ್ ಇರುತ್ತದೆ, ಜೊತೆಗೆ ಬ್ಯಾಟರಿ ಇಲ್ಲವೇ ದೊಡ್ಡ ಕೆಪಾಸಿಟರ್. ಕರೆಂಟ್ ಹೋದ ತಕ್ಷಣ ಆ ಕೆಪಾಸಿಟರಿನ ಬಲದ ಮೇಲೆ ಡಿಆರ್‌ಎಎಂ ಪೂರ್ತಿ ಫ್ಲ್ಯಾಶ್‌ಗೆ ನಕಲಾಗುತ್ತದೆ. ಮತ್ತೆ ಆನ್ ಆದಾಗ ಫ್ಲ್ಯಾಶಿನಿಂದ ಡಿಆರ್‌ಎಎಂಗೆ ವಾಪಸ್ ತುಂಬುವುದು ಕರ್ನಲ್ ಬರುವ ಮೊದಲೇ ಮುಗಿದಿರುತ್ತದೆ. ಎರಡನೆಯದು ನಿಮಗೆ ತೋರಿಸಿದ ಇಂಟೆಲ್ ಆಪ್ಟೇನ್. ಅದರ ಚಿಪ್ಪೇ ಬೇರೆ, ಚಾರ್ಜ್ ಸೋರುವ ಪ್ರಶ್ನೆಯೇ ಇಲ್ಲ. 2019ರಲ್ಲಿ 128, 256, 512 ಜಿಬಿ ಗಾತ್ರಗಳಲ್ಲಿ ಮಾರುಕಟ್ಟೆಗೆ ಬಂತು.

ಇಂಥ ಮೆಷಿನ್ ಬೂಟ್ ಆದಾಗ ಫರ್ಮ್‌ವೇರ್ ತಾನೇ ಟೈಪ್ 7 ಬರೆದು ಕೊಡುತ್ತದೆ. ಜೊತೆಗೆ ಎನ್‌ಎಫ್‌ಐಟಿ ಎಂಬ ಇನ್ನೊಂದು ವಿವರವಾದ ಪಟ್ಟಿ ಇರುತ್ತದೆ. ಯಾವ ಸ್ಲಾಟಿನ ಯಾವ ಮಾಡ್ಯೂಲ್, ಎಷ್ಟು ಮಾಡ್ಯೂಲ್ ಸೇರಿ ಒಂದು ಪ್ರದೇಶ, ಯಾವುದರ ಸ್ಥಿತಿ ಹೇಗಿದೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಇದನ್ನು ಓದುವ ಲಿಬ್‌ಎನ್‌ವಿಡಿಮ್ ಭಾಗ ಲಿನಕ್ಸ್ 4.2ರಲ್ಲಿ, 2015ರಲ್ಲೇ ಬಂದಿದೆ. ಅದು ಮಾಡ್ಯೂಲ್ ಒಳಗೆ ಬರೆದಿಟ್ಟ ಲೇಬಲ್‌ಗಳನ್ನು ಓದಿ, ನೇಮ್‌ಸ್ಪೇಸ್‌ಗಳನ್ನು (ಡಿಸ್ಕಿನಂತೆ ಬಳಸುವ ಪಾಲುಗಳನ್ನು) ಕಟ್ಟಿ, ಕೊನೆಗೆ ಪಿಮೆಮ್0 ಎಂದು ನಿಮಗೆ ಕೊಡುತ್ತದೆ. ಇಷ್ಟೆಲ್ಲ ನಡೆಯುವುದು ಬೂಟ್‌ನ ಮೊದಲ ಗಳಿಗೆಯಲ್ಲಲ್ಲ, ಡ್ರೈವರ್‌ಗಳು ಏಳುವ ಹೊತ್ತಿಗೆ.

ಕರ್ನಲ್‌ನ ಎಚ್ಚರ ಎಷ್ಟಿದೆ ಅನ್ನುವುದಕ್ಕೆ ಒಂದು ಉದಾಹರಣೆ. ಎನ್‌ವಿಡಿಮ್‌ನ ಬ್ಯಾಟರಿ ಹಾಳಾಗಿ, ಈಗ ಕರೆಂಟ್ ಹೋದರೆ ಉಳಿಸಲಾರೆ ಎಂದು ಮಾಡ್ಯೂಲ್ ಹೇಳಿದರೆ, ಎನ್‌ಎಫ್‌ಐಟಿಯಲ್ಲಿ 'ನಾಟ್ ಆರ್ಮ್ಡ್' ಎಂಬ ಗುರುತು ಬರುತ್ತದೆ. ಆಗ ಕರ್ನಲ್ ಆ ಪ್ರದೇಶವನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಕೊಡುವುದಿಲ್ಲ. 'ಇದ್ದಕ್ಕಿದ್ದಂತೆ ಡಿಸ್ಕ್ ರೀಡ್-ಓನ್ಲಿ ಆಯಿತು, ಲಿನಕ್ಸ್ ಕೆಟ್ಟಿದೆ' ಎಂದು ಗಾಬರಿಯಿಂದ ಫೋನ್ ಮಾಡಿದವರಿದ್ದಾರೆ. ಕೆಟ್ಟಿದ್ದು ಬ್ಯಾಟರಿ.

ನಾಲ್ಕೈದು ವರ್ಷದ ಹಿಂದಿನ ಮಾತು. ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ರಾತ್ರಿ ಕರೆ ಬಂತು. ಕಬ್ಬು ನುರಿಸುವ ಹಂಗಾಮು, ತೂಕದ ಮನೆ ಮುಂದೆ ಟ್ರ್ಯಾಕ್ಟರ್ ಸಾಲು. ಸರ್ವರ್ ಎದ್ದಿದೆ, ಆದರೆ ಪಿಮೆಮ್ ಡಿಸ್ಕೇ ಇಲ್ಲ. ಬೆಳಗಾವಿಯಿಂದ ಹೊರಟು ಹೋಗಿ ನೋಡಿದೆ. ಸಿಪ್ಪೆಯ ಧೂಳು ತುಂಬಿದೆ ಎಂದು ಯಾರೋ ಪುಣ್ಯಾತ್ಮರು ಎಲ್ಲ ಮೆಮೊರಿ ಕಿತ್ತು ಬ್ರಷ್ ಹಾಕಿ, ಮತ್ತೆ ಸಿಕ್ಕ ಸ್ಲಾಟಿಗೆ ಹಾಕಿಬಿಟ್ಟಿದ್ದರು. ಮಾಮೂಲಿ ರ‍್ಯಾಮ್ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಹಲವು ಮಾಡ್ಯೂಲ್‌ಗಳ ಮೇಲೆ ಡೇಟಾ ಪಟ್ಟೆ ಪಟ್ಟೆಯಾಗಿ ಹರಡಿರುತ್ತದೆ, ಯಾವುದರ ಪಕ್ಕ ಯಾವುದು ಎಂಬುದಕ್ಕೆ ಲೆಕ್ಕವಿದೆ. ಲೇಬಲ್‌ನಲ್ಲಿ ಬರೆದ ಗುರುತಿಗೂ ಈಗಿನ ಜೋಡಣೆಗೂ ತಾಳೆಯಾಗಲಿಲ್ಲ. ಕರ್ನಲ್ ಅದನ್ನು ಅಳಿಸಲೂ ಇಲ್ಲ, ಅರ್ಧಂಬರ್ಧ ತೋರಿಸಲೂ ಇಲ್ಲ. ಸುಮ್ಮನೆ ತೆರೆಯದೆ ಕೂತಿತ್ತು. ಹಿಂದೆ ಸರ್ವಿಸ್ ಮಾಡಿದಾಗ ತೆಗೆದ ಒಂದು ಫೋಟೋ ನನ್ನ ಫೋನಿನಲ್ಲಿತ್ತು. ಅದನ್ನು ನೋಡಿ ಹಳೆಯ ಸ್ಲಾಟುಗಳಿಗೇ ಹಾಕಿದೆವು, ಎಲ್ಲ ಬಂತು. ಆ ಹೊತ್ತಿನಲ್ಲಿ ಯಾರಾದರೂ ಧೈರ್ಯ ಮಾಡಿ ಹೊಸ ನೇಮ್‌ಸ್ಪೇಸ್ ಮಾಡಿಬಿಟ್ಟಿದ್ದರೆ ಮುಗಿದಿತ್ತು. ಅವತ್ತಿನಿಂದ ಮೆಮೊರಿ ಕೀಳುವ ಮೊದಲು ಫೋಟೋ ತೆಗೆಯದವರನ್ನು ನಾನು ಸರ್ವರ್ ಹತ್ತಿರ ಬಿಡುವುದಿಲ್ಲ.

ಇನ್ನು ಬೆಳಗಾವಿಯ ಆ ಸರ್ವರ್. 96 ಜಿಬಿ ರ‍್ಯಾಮ್ ಇದೆ, ಕರ್ನಲ್ ತನಗೆ ಸ್ವಲ್ಪ ಇಟ್ಟುಕೊಂಡು 94 ತೋರಿಸುತ್ತಿದೆ. ಆಪ್ಟೇನ್‌ನ 256 ಜಿಬಿ 'ಫ್ರೀ'ಯಲ್ಲಿ ಕಾಣದಿರುವುದೇ ಸರಿ. ಅದು ಆ್ಯಪ್ ಡೈರೆಕ್ಟ್ ಎಂಬ ರೀತಿಯಲ್ಲಿದೆ, ಅಂದರೆ ಡೇಟಾ ಉಳಿಸುವ ರೀತಿ. ಮೇಲೆ ಹೇಳಿದಂತೆ ಕರ್ನಲ್ ಅದನ್ನು ರಾಶಿಗೆ ಸುರಿದಿಲ್ಲ. ಹೊಸ ಕರ್ನಲ್ ಹಾಕಿದರೆ 350 ಆಗುತ್ತದೆ ಎಂಬುದು ಅಂಗಡಿಯವರ ಭ್ರಮೆ.

ಅದನ್ನು ರ‍್ಯಾಮಿನಂತೆ ಬಳಸಲೇಬೇಕೆಂದರೆ ದಾರಿ ಎರಡಿವೆ, ಎರಡರಲ್ಲೂ ನೀವು ಬಯಸಿದ್ದೇ ಕೈತಪ್ಪುತ್ತದೆ. ಬಯಾಸ್‌ನಲ್ಲಿ ಮೆಮೊರಿ ಮೋಡ್ ಆರಿಸಬಹುದು. ಆಗ 256 ಜಿಬಿ ರ‍್ಯಾಮ್ ಎಂದೇ ಕಾಣುತ್ತದೆ, ನಿಮ್ಮ 96 ಜಿಬಿ ಅದರ ಹಿಂದೆ ಕ್ಯಾಶ್ (ಬೇಗ ಸಿಗಲೆಂದು ನಕಲು ಇಡುವ ಜಾಗ) ಆಗಿ ಮರೆಯಾಗುತ್ತದೆ. ಆದರೆ ಈ ಮೋಡ್‌ನಲ್ಲಿ ಡೇಟಾ ಉಳಿಯುವುದಿಲ್ಲ. ಚಿಪ್ಪು ಉಳಿಸಬಲ್ಲದು, ಆದರೆ ಬೇಕೆಂದೇ ಹಾಗೆ ಮಾಡಿಲ್ಲ. ಒಳಗಿನ ಡೇಟಾಕ್ಕೆ ಹಾಕಿದ ಎನ್‌ಕ್ರಿಪ್ಶನ್ ಕೀಲಿಯನ್ನು ಕರೆಂಟ್ ಹೋದಾಗ ಮರೆತುಬಿಡುತ್ತದೆ. ಇಲ್ಲವೇ 5.1ರ ನಂತರದ ಕರ್ನಲ್‌ನಲ್ಲಿ, ಬೂಟ್ ಆದ ಮೇಲೆ ಡ್ಯಾಕ್ಸ್‌ಸಿಟಿಎಲ್ ಎಂಬ ಸಾಧನದಿಂದ ಅದನ್ನು ಸಿಸ್ಟಮ್ ರ‍್ಯಾಮ್ ಎಂದು ಸೇರಿಸಿಕೊಳ್ಳಬಹುದು. ಆಗ 'ಫ್ರೀ'ಯಲ್ಲಿ ನಿಜಕ್ಕೂ 350ರ ಹತ್ತಿರ ಕಾಣುತ್ತದೆ. ಅಂಗಡಿಯವರು ಎಲ್ಲೋ ಇದನ್ನೇ ಕೇಳಿರಬೇಕು. ಆದರೆ ಕರ್ನಲ್ ಹೊಸದಾದ ಮಾತ್ರಕ್ಕೆ ತಾನಾಗಿ ಆಗುವುದಲ್ಲ, ನೀವು ಹೇಳಬೇಕು. ಹೇಳಿದ ಮೇಲೆ ಅದು ಡೇಟಾ ಉಳಿಸುವ ಜಾಗವಲ್ಲ, ನಿಧಾನದ ರ‍್ಯಾಮ್ ಅಷ್ಟೇ.

ಒಂದು ಚಿಕ್ಕ ಲೆಕ್ಕವೂ ಗೊತ್ತಿರಲಿ. ಪಿಮೆಮ್ ಮೇಲೆ ಡ್ಯಾಕ್ಸ್ ಬಳಸಬೇಕಾದರೆ ಕರ್ನಲ್‌ಗೆ ಪ್ರತಿ 4 ಕೆಬಿ ಪುಟಕ್ಕೂ 64 ಬೈಟಿನ ಒಂದು ಚೀಟಿ ಬೇಕು. 256 ಜಿಬಿಗೆ ಅದು 4 ಜಿಬಿ ಆಗುತ್ತದೆ, 1 ಟಿಬಿಗೆ 16 ಜಿಬಿ. ಈ ಚೀಟಿಗಳನ್ನು ರ‍್ಯಾಮಿನಲ್ಲಿಡಬೇಕೋ ಪಿಮೆಮ್‌ನಲ್ಲೇ ಇಡಬೇಕೋ ಎಂದು ನೇಮ್‌ಸ್ಪೇಸ್ ಮಾಡುವಾಗ ಆರಿಸಬಹುದು. ರ‍್ಯಾಮ್ ಕಡಿಮೆ ಇದ್ದು ಪಿಮೆಮ್ ಜಾಸ್ತಿ ಇರುವವರು ಇದನ್ನು ನೋಡದೆ ಮಾಡಿಕೊಂಡು, ಆಮೇಲೆ ರ‍್ಯಾಮ್ ಎಲ್ಲಿ ಹೋಯಿತು ಎಂದು ಹುಡುಕುತ್ತಾರೆ.

ಗೆಳೆಯರ ಮಾತಿಗೆ ಬರುತ್ತೇನೆ. ಕರೆಂಟ್ ಬಂದ ಮೇಲೆ ಮೆಷಿನ್ ನಿಂತಲ್ಲಿಂದಲೇ ಮುಂದುವರಿಯುತ್ತದೆ ಎಂದು ಅವರು ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ. ಪ್ರೊಸೆಸರಿನ ರಿಜಿಸ್ಟರ್‌ಗಳಲ್ಲಿದ್ದದ್ದು ಅಳಿಸಿಹೋಗುತ್ತದೆ. ಪೇಜ್ ಟೇಬಲ್‌ಗಳು, ಓಡುತ್ತಿದ್ದ ಪ್ರೋಗ್ರಾಮುಗಳು ಎಲ್ಲ ಮಾಮೂಲಿ ರ‍್ಯಾಮಿನಲ್ಲಿದ್ದವು, ಹೋದವು. ಕರ್ನಲ್ ಪ್ರತಿ ಸಲವೂ ಹೊಸದಾಗಿಯೇ ಏಳುತ್ತದೆ. ಉಳಿಯುವುದು ಪಿಮೆಮ್ ಮೇಲಿನ ಫೈಲುಗಳು ಮಾತ್ರ, ಅವೂ ನಿಜವಾಗಿ ಅಲ್ಲಿಗೆ ತಲುಪಿದ್ದರೆ.

ತಲುಪುವುದರಲ್ಲೇ ಒಂದು ಪೇಚಿದೆ. ಪ್ರೋಗ್ರಾಮ್ ಬರೆದ ಅಂಕಿ ಮೊದಲು ಪ್ರೊಸೆಸರಿನ ಕ್ಯಾಶ್‌ನಲ್ಲಿ ಕೂರುತ್ತದೆ. ಕರೆಂಟ್ ಹೋದ ಕ್ಷಣದಲ್ಲಿ ಮೆಮೊರಿ ಕಂಟ್ರೋಲರ್‌ವರೆಗೆ ಬಂದಿದ್ದನ್ನು ಮಾಡ್ಯೂಲಿಗೆ ತಳ್ಳುವ ವ್ಯವಸ್ಥೆ ಹಾರ್ಡ್‌ವೇರ್‌ನಲ್ಲಿದೆ, ಎಡಿಆರ್ ಎನ್ನುತ್ತಾರೆ. ನಿಮಗೆ ತೋರಿಸಿದ ತಲೆಮಾರಿನಲ್ಲಿ ಕ್ಯಾಶ್ ಒಳಗಿರುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಡೇಟಾಬೇಸ್ 'ಬರೆದದ್ದನ್ನು ಈಗಲೇ ಉಳಿಸು' ಎಂಬ ಎಫ್‌ಸಿಂಕ್ ಕರೆದಾಗ ಕರ್ನಲ್ ಆ ಕ್ಯಾಶ್ ಸಾಲುಗಳನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಎಫ್‌ಸಿಂಕ್ ಸರಿಯಾಗಿ ಮಾಡುವ ಡೇಟಾಬೇಸಿಗೆ ಇದರ ಭಯವಿಲ್ಲ. ವೇಗ ಬರಲಿ ಎಂದು ಎಫ್‌ಸಿಂಕ್ ಆಫ್ ಮಾಡಿಕೊಂಡಿದ್ದರೆ ಭಯವಿದೆ. ನೀವು ಮಾಡಿಕೊಂಡಿಲ್ಲ ತಾನೆ?

ಇನ್ನೂ ಒಂದಿದೆ. ಡಿಸ್ಕ್‌ನಲ್ಲಿ ಒಂದು ಸೆಕ್ಟರ್ (ಡಿಸ್ಕ್ ಒಮ್ಮೆಗೆ ಬರೆಯುವ ತುಂಡು) ಬರೆದರೆ ಪೂರ್ತಿ ಬರೆಯುತ್ತದೆ, ಇಲ್ಲವೇ ಬರೆಯುವುದಿಲ್ಲ ಎಂದು ಹಳೆಯ ಸಾಫ್ಟ್‌ವೇರ್ ನಂಬಿಕೊಂಡಿರುತ್ತದೆ. ಪಿಮೆಮ್‌ನಲ್ಲಿ ಒಂದೇ ಏಟಿಗೆ ಖಚಿತವಾಗಿ ಬೀಳುವುದು 8 ಬೈಟ್ ಮಾತ್ರ. ಬರೆಯುವ ಮಧ್ಯೆ ಕರೆಂಟ್ ಹೋದರೆ ಅರ್ಧ ಹೊಸತು, ಅರ್ಧ ಹಳತು ಉಳಿಯಬಹುದು. ಇದಕ್ಕೆ ಸೆಕ್ಟರ್ ಮೋಡ್ ಎಂಬುದಿದೆ. ಬಿಟಿಟಿ ಎಂಬ ಕೋಷ್ಟಕ ಇಟ್ಟುಕೊಂಡು, ಹೊಸದನ್ನು ಬೇರೆ ಕಡೆ ಪೂರ್ತಿ ಬರೆದು, ಆಮೇಲೆ ಗುರುತು ಬದಲಿಸುತ್ತದೆ. ಆದರೆ ಆ ಮೋಡ್‌ನಲ್ಲಿ ಡ್ಯಾಕ್ಸ್ ಸಿಗುವುದಿಲ್ಲ. ಅಂದರೆ ನಿಮಗೆ ಇಷ್ಟವಾದ ವೇಗದಲ್ಲಿ ಒಂದು ಪಾಲು ಹೋಯಿತು.

ಇಷ್ಟು ಹೇಳಿ, ಕೊಳ್ಳಲೇ ಎಂಬುದಕ್ಕೆ ನನ್ನ ಅಭಿಪ್ರಾಯ: ಕೊಳ್ಳಬೇಡಿ. ಆಪ್ಟೇನ್ ಕೆಟ್ಟದ್ದೆಂದಲ್ಲ, ನನಗೆ ಬಹಳ ಹಿಡಿಸಿದ ಹಾರ್ಡ್‌ವೇರ್ ಅದು. ಆದರೆ ಇಂಟೆಲ್ ಆ ವ್ಯಾಪಾರವನ್ನೇ ಮುಚ್ಚುತ್ತೇನೆಂದು 2022ರಲ್ಲಿ ಹೇಳಿಬಿಟ್ಟಿದೆ. ಹಳೆ ಮಾಲು ಅಗ್ಗಕ್ಕೆ ಸಿಗುತ್ತಿರುವುದು ಅದಕ್ಕೇ. ಮೊದಲ ತಲೆಮಾರಿನ ಮಾಡ್ಯೂಲ್ ಇಂಟೆಲ್‌ನ ಎರಡನೇ ತಲೆಮಾರಿನ ಝಿಯಾನ್ ಸ್ಕೇಲಬಲ್ ಸರ್ವರ್ ಪ್ರೊಸೆಸರ್ ಜೊತೆ ಮಾತ್ರ ಕೆಲಸ ಮಾಡುತ್ತದೆ, ಅದರಲ್ಲೂ ಎಲ್ಲ ಪ್ರೊಸೆಸರ್‌ಗಳೂ ಒಪ್ಪುವುದಿಲ್ಲ. ನಾಳೆ ಬೋರ್ಡ್ ಸುಟ್ಟರೆ ಮಾಡ್ಯೂಲ್ ಕಿತ್ತು ಪಕ್ಕದ ಮೆಷಿನ್‌ಗೆ ಹಾಕಿ ಲೆಕ್ಕ ತೆಗೆಯುತ್ತೇನೆ ಎಂದರೆ ಅದೇ ಜಾತಿಯ ಇನ್ನೊಂದು ಸರ್ವರ್ ಹುಡುಕಬೇಕು. ಬನಹಟ್ಟಿಯಲ್ಲಿ, ಹಬ್ಬದ ಹಿಂದಿನ ದಿನ, ಮಜೂರಿ ಕೊಡಬೇಕಾದ ಹೊತ್ತಿನಲ್ಲಿ!

35 ಮಗ್ಗದವರ ಲೆಕ್ಕ ಅಂದರೆ ಡೇಟಾ ಚಿಕ್ಕದು. ಅದಕ್ಕೆ ಬೇಕಾದದ್ದು ಮೆಮೊರಿಯ ವೇಗವಲ್ಲ, ಬರೆದದ್ದು ನಿಲ್ಲುವುದು. ಕರೆಂಟ್ ಹೋದಾಗ ಒಳಗಿನ ಬಫರನ್ನು ಉಳಿಸುವ ಕೆಪಾಸಿಟರ್ ಇರುವ ಎಸ್‌ಎಸ್‌ಡಿಗಳು ಬರುತ್ತವೆ, ಸರ್ವರ್ ದರ್ಜೆಯವು. ಅಂಥದ್ದೊಂದು ತೆಗೆದುಕೊಂಡು, ಇದೇ ಡೆಸ್ಕ್‌ಟಾಪಿಗೆ ಹಾಕಿ, ಎಫ್‌ಸಿಂಕ್ ಆನ್ ಇಡಿ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ, ಅದರ ಯುಎಸ್‌ಬಿ ತಂತಿಯನ್ನು ಮೆಷಿನ್‌ಗೆ ಸೇರಿಸಿ, ಬ್ಯಾಟರಿ ಇಳಿಯುತ್ತಿದ್ದಂತೆ ತಾನೇ ಶಟ್‌ಡೌನ್ ಆಗುವ ಹಾಗೆ ಮಾಡಿ. ನಿಮ್ಮ ಯುಪಿಎಸ್ ಖಾಲಿಯಾಗುವವರೆಗೆ ಮೆಷಿನ್ ಓಡುತ್ತಲೇ ಇತ್ತು ಎಂದು ಪತ್ರದಿಂದ ತಿಳಿಯುತ್ತದೆ. ರಾತ್ರಿಗೊಂದು ಬ್ಯಾಕಪ್ ಮನೆಯ ಹೊರಗೆ ಎಲ್ಲಾದರೂ ಹೋಗಲಿ. ಪಿಮೆಮ್ ನಿಜವಾದದ್ದೇ ಆಗಿದ್ದರೂ ಬ್ಯಾಕಪ್ ಬಿಡುವಂತಿರಲಿಲ್ಲ. ತಪ್ಪಿ ಅಳಿಸಿದ ಲೆಕ್ಕವನ್ನೂ ಅದು ಅಷ್ಟೇ ನಿಷ್ಠೆಯಿಂದ ಉಳಿಸಿಕೊಳ್ಳುತ್ತದೆ.

ಕಲಿಯುವ ಆಸೆಗೆ ಆ ಸರ್ವರ್ ಬೇಕೇ ಬೇಕು ಎನಿಸಿದರೆ ಬೇಡ ಅನ್ನಲಾರೆ. ಆಗ ಅಂಗಡಿಯಲ್ಲೇ ನಿಂತು ಕೆಲವು ನೋಡಿಕೊಳ್ಳಿ. ಎನ್‌ಡಿಸಿಟಿಎಲ್ ಎಂಬ ಸಾಧನದಿಂದ ಎರಡೂ ಮಾಡ್ಯೂಲಿನ ಆರೋಗ್ಯ ಕೇಳಿ, ಎಷ್ಟು ಆಯುಷ್ಯ ಸವೆದಿದೆ ಎಂದು ಹೇಳುತ್ತದೆ. ಹಳೆಯ ಮಾಲೀಕರು ಪಾಸ್‌ವರ್ಡ್ ಹಾಕಿ ಬೀಗ ಹಾಕಿದ್ದಾರೆಯೇ ನೋಡಿ. ಹಾಕಿದ್ದರೆ ಬೂಟ್ ಆದಾಗ ಮಾಡ್ಯೂಲ್ ಇದೆ ಎಂದು ಕಾಣುತ್ತದೆ, ಒಳಗೆ ಹೋಗಲು ಬಿಡುವುದಿಲ್ಲ. ಕೆಟ್ಟ ಜಾಗಗಳ ಪಟ್ಟಿ ಖಾಲಿ ಇದೆಯೇ ನೋಡಿ. ಆಮೇಲೆ ಒಂದು ಫೈಲ್ ಬರೆದು, ಸಿಂಕ್ ಮಾಡಿ, ಅಂಗಡಿಯವರ ಎದುರೇ ಪ್ಲಗ್ ಕೀಳಿ. ಬೇಡ ಎಂದು ಅವರು ಕೈ ಹಿಡಿದರೆ ವಾಪಸ್ ಬನಹಟ್ಟಿ ಬಸ್ ಹತ್ತಿ.

ಕೊನೆಗೆ ಆ 11 ದಿನದ ಲೆಕ್ಕ. ವಾಪಸ್ ಬರುವುದಿಲ್ಲ. ಯಾವ ರಿಕವರಿ ಸಾಫ್ಟ್‌ವೇರಿಗೂ, ಯಾವ ಅಂಗಡಿಗೂ ದುಡ್ಡು ಸುರಿಯಬೇಡಿ. ಡಿಸ್ಕ್‌ನಲ್ಲಿ ಅಳಿಸಿದ್ದು ಕೆಳಗೆಲ್ಲೋ ಉಳಿದಿರಬಹುದು, ಡಿಆರ್‌ಎಎಂನಲ್ಲಿ ಕೆಳಗೆ ಎಂಬುದೇ ಇಲ್ಲ. ಡೇಟಾಬೇಸನ್ನು ಪಿಮೆಮ್‌ಗೆ ಸಾಗಿಸುವಾಗ ಹಳೆಯ ಡೈರೆಕ್ಟರಿ ಅಳಿಸದೆ ಬಿಟ್ಟಿದ್ದೀರಾ, ಮೊದಲು ನೋಡಿ. ಇದ್ದರೆ ಸಾಗಿಸಿದ ದಿನದವರೆಗಿನದು ಕೈಯಲ್ಲಿದೆ. ಮುಂದಿನ 11 ದಿನಕ್ಕೆ ಮಗ್ಗದವರ ಹತ್ತಿರ ನೂಲು ಕೊಟ್ಟ, ಬಟ್ಟೆ ತಂದ ಚೀಟಿಗಳಿರುತ್ತವೆ. ಈ ವಾರವೇ ಹೋಗಿ ಕೇಳಿ, ಚೀಟಿಗಳನ್ನು ಅವರು ಬಹಳ ದಿನ ಇಟ್ಟುಕೊಳ್ಳುವುದಿಲ್ಲ.